ಇಲ್ಲಿ ಅಂದರೆ ಎಲ್ಲಿ

ತಮ್ಮ: ಅಕ್ಕ, ಸ್ವಲ್ಪ ಹೊತ್ತು ಬಿಡುವಿದ್ದರೆ ಒಂದು ವಿಷಯ ಕೇಳಬೇಕಿತ್ತು. ಕಾಲೇಜಿನ ಸರ್ವರ್ ರೂಮಿನಲ್ಲೇ ಕೂತಿದ್ದೇನೆ.

ಅಕ್ಕ: ಆಯಿತು, ಹೇಳು. ದನಿ ಯಾಕೋ ಇಳಿದಿದೆ.

ತಮ್ಮ: ಕಳೆದ ವಾರದವರೆಗೆ 40 ದಿನ, ದಿನಾ ರಾತ್ರಿ 2 ಗಂಟೆಗೆ ಇಲ್ಲಿನ 14 ಸ್ವಿಚ್‌ಗಳ ಕಾನ್ಫಿಗರೇಶನ್ ಬ್ಯಾಕಪ್ ಆಗುತ್ತಿತ್ತು. ಆನ್ಸಿಬಲ್‌ನಲ್ಲಿ ಬರೆದ ಪ್ಲೇಬುಕ್, ಡಾಕರ್ ಕಂಟೇನರ್ ಒಳಗೆ ಓಡುತ್ತದೆ. ಒಂದು ರಾತ್ರಿಯೂ ಕೆಂಪು ಅಕ್ಷರ ಬಂದಿರಲಿಲ್ಲ. ಲಾಗ್ ತೆಗೆದರೆ ಎಲ್ಲ ಸ್ವಿಚ್‌ನ ಎದುರಿಗೂ ಫೇಲ್ಡ್ ಸೊನ್ನೆ. ಕಳೆದ ವಾರ ಸಿಡಿಲು ಹೊಡೆದು ಲೈಬ್ರರಿಯ ಸ್ವಿಚ್ ಸುಟ್ಟುಹೋಯಿತು. ಹೊಸದು ತರಿಸಿ, ಹಳೆಯ ಕಾನ್ಫಿಗರೇಶನ್ ಹಾಕೋಣ ಅಂತ ಬ್ಯಾಕಪ್ ಫೋಲ್ಡರ್ ತೆಗೆದರೆ ಒಳಗೆ ಏನೂ ಇಲ್ಲ. ಒಂದು ಫೈಲೂ ಇಲ್ಲ.

ಅಕ್ಕ: ಲೈಬ್ರರಿಗೆ ಏನು ಮಾಡಿದೆ ಮತ್ತೆ?

ತಮ್ಮ: ಎರಡು ದಿನ ನೆಲದ ಮೇಲೆ ಕೂತು ಒಂದೊಂದೇ ಕೇಬಲ್ ಎಳೆದು ನೋಡಿ, ಯಾವ ಪೋರ್ಟು ಯಾವ ವಿಎಲ್ಯಾನ್‌ಗೆ ಅಂತ ಮತ್ತೆ ಬರೆದುಕೊಂಡೆ. ಪರೀಕ್ಷೆಯ ಸಮಯ ಬೇರೆ. ಮಕ್ಕಳು ಬಂದು ಬಂದು ವಾಪಸ್ ಹೋದರು. ನನಗೆ ಅದೇ ಬೇಜಾರು.

ಅಕ್ಕ: ಕಂಟೇನರ್ ಹೇಗೆ ಶುರು ಮಾಡುತ್ತೀಯ? ಆ ಸಾಲನ್ನು ಓದು.

ತಮ್ಮ: ಡಾಕರ್ ರನ್, ಆಮೇಲೆ ಎರಡು ಹೈಫನ್ ಆರ್‌ಎಮ್, ಲಾಗ್ ಫೋಲ್ಡರಿಗೊಂದು ಮೌಂಟ್, ಇಮೇಜಿನ ಹೆಸರು, ಪ್ಲೇಬುಕ್ಕಿನ ಹೆಸರು. ಅಷ್ಟೇ.

ಅಕ್ಕ: ಪ್ಲೇಬುಕ್‌ಗಳು ಎಲ್ಲಿವೆ? ಇಮೇಜಿನೊಳಗೇ ತುಂಬಿಟ್ಟಿದ್ದೀಯಾ?

ತಮ್ಮ: ಹೌದು. ಇಮೇಜ್ ಕಟ್ಟುವಾಗಲೇ ಕಾಪಿ ಮಾಡಿಬಿಟ್ಟೆ. ಎಲ್ಲ ಒಂದೇ ಕಡೆ ಇರಲಿ ಅಂತ.

ಅಕ್ಕ: ಹಾಗಾದರೆ ನಿನ್ನ ಬ್ಯಾಕಪ್ ಆಗಿದೆ ಕಣೋ. 40 ರಾತ್ರಿಯೂ ಸರಿಯಾಗಿಯೇ ಆಗಿದೆ. ಆನ್ಸಿಬಲ್ ಸುಳ್ಳು ಹೇಳಿಲ್ಲ. ಸ್ವಿಚ್‌ನಿಂದ ಕಾನ್ಫಿಗರೇಶನ್ ತಂದು ಪ್ಲೇಬುಕ್ ಇರುವ ಜಾಗದಲ್ಲಿ ಬ್ಯಾಕಪ್ ಅನ್ನುವ ಫೋಲ್ಡರ್ ಮಾಡಿ ಬರೆದಿದೆ. ಅದರ ಮಟ್ಟಿಗೆ ‘ಇಲ್ಲಿ’ ಅಂದರೆ ಕಂಟೇನರಿನ ಒಳಗೆ. ಕೆಲಸ ಮುಗಿದ ಕೂಡಲೇ ಕಂಟೇನರ್ ಅಳಿಸಿಬಿಡು ಅಂತ ಆ ಆರ್‌ಎಮ್ ಹೇಳುತ್ತದೆ. ದಿನಾ ಬರೆದಿದೆ, ದಿನಾ ಅಳಿಸಿಕೊಂಡು ಹೋಗಿದೆ.

ತಮ್ಮ: ಅಯ್ಯೋ. ಲೋಕಲ್‌ಹೋಸ್ಟ್ ಅಂದರೆ ಈ ಸರ್ವರ್ ಅಂತಲೇ ನಾನು ಅಂದುಕೊಂಡಿದ್ದೆ.

ಅಕ್ಕ: ಎಲ್ಲರೂ ಮೊದಲು ಹಾಗೇ ಅಂದುಕೊಳ್ಳುತ್ತಾರೆ. ಕಮಾಂಡ್ ಕೊಟ್ಟು ಕೆಲಸ ಮಾಡಿಸುವ ಯಾವ ಸಾಧನವನ್ನೇ ತಗೋ, ಆನ್ಸಿಬಲ್ ಇರಲಿ, ಮೇಕ್ ಇರಲಿ, ನೀನೇ ಬರೆದ ಶೆಲ್ ಸ್ಕ್ರಿಪ್ಟ್ ಇರಲಿ, ಅದು ಮೂರು ಮಾತನ್ನು ಕೇಳದೇ ನಂಬಿರುತ್ತದೆ: ಇಲ್ಲಿ, ನಾನು, ಈಗ. ನಿನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಓಡುವಾಗ ಆ ಮೂರಕ್ಕೂ ಅರ್ಥ ಇದ್ದೇ ಇರುತ್ತದೆ, ಅದಕ್ಕೇ ಅವು ಕಣ್ಣಿಗೆ ಬೀಳುವುದಿಲ್ಲ. ಕಂಟೇನರ್ ಒಳಗೆ ಕೂರಿಸಿದ ಮೇಲೆ ಮೂರೂ ಬೇರೆಯಾಗುತ್ತವೆ. ಏನೇನು ಬೇಕೋ ನೀನೇ ಬಾಯಿಬಿಟ್ಟು ಹೇಳಬೇಕು.

ತಮ್ಮ: ಕಂಟೇನರ್ ಸಹವಾಸವೇ ಬೇಡ, ಬಿಟ್ಟುಬಿಡಲೇ ಅನ್ನಿಸುತ್ತಿದೆ.

ಅಕ್ಕ: ಅದಕ್ಕೂ ಮೊದಲು, ಯಾಕೆ ಹಾಕಿದ್ದೆ ಹೇಳು.

ತಮ್ಮ: ನನಗಿಂತ ಮುಂಚೆ ಇದ್ದವರು ಎಲ್ಲವನ್ನೂ ಅವರ ಲ್ಯಾಪ್‌ಟಾಪಿನಿಂದಲೇ ಓಡಿಸುತ್ತಿದ್ದರು. ಕೆಲಸ ಬಿಟ್ಟು ಹೋಗುವಾಗ ಪ್ಲೇಬುಕ್‌ಗಳನ್ನು ಒಂದು ಪೆನ್‌ಡ್ರೈವಿನಲ್ಲಿ ಕೊಟ್ಟರು. ನನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಆನ್ಸಿಬಲ್ ಹಾಕಿ ಓಡಿಸಿದರೆ 9 ಸರ್ವರ್‌ಗಳಲ್ಲಿ 4 ಮಾತೇ ಆಡಲಿಲ್ಲ. ಆ ನಾಲ್ಕೂ ಸೆಂಟ್‌ಓಎಸ್ 7.

ಅಕ್ಕ: ಆಡುವುದಿಲ್ಲ. ಆನ್ಸಿಬಲ್ ಕೆಲಸ ಮಾಡುವ ರೀತಿ ನೋಡು: ದೂರದ ಯಂತ್ರದಲ್ಲಿ ಏಜೆಂಟ್ ಅಂತ ಏನನ್ನೂ ಇಟ್ಟಿರುವುದಿಲ್ಲ. ಎಸ್‌ಎಸ್‌ಎಚ್ ಹಿಡಿದು ಹೋಗಿ, ಒಂದು ಚಿಕ್ಕ ಪೈಥಾನ್ ಪ್ರೋಗ್ರಾಮನ್ನು ಅಲ್ಲಿಗೆ ಇಳಿಸಿ, ಓಡಿಸಿ, ಅಳಿಸಿ ಬರುತ್ತದೆ. ಅಂದರೆ ಆ ಕಡೆಯ ಪೈಥಾನಿಗೆ ಈ ಕಡೆಯವರ ಭಾಷೆ ತಿಳಿಯಬೇಕು. ಸೆಂಟ್‌ಓಎಸ್ 7ರಲ್ಲಿ ಇರುವುದು ಪೈಥಾನ್ 2.7. ಆನ್ಸಿಬಲ್ ಕೋರ್ 2.16ರವರೆಗೆ ಅದನ್ನು ಮಾತಾಡಿಸಬಹುದು. 2024ರ ಮೇ ತಿಂಗಳಲ್ಲಿ ಬಂದ 2.17 ಪೈಥಾನ್ 3.7ಕ್ಕಿಂತ ಹಳೆಯದನ್ನು ಕೈಬಿಟ್ಟಿತು. ರೆಡ್ ಹ್ಯಾಟ್ 8ರ ಜೊತೆ ಬರುವ 3.6 ಕೂಡ ಅದರಲ್ಲಿ ಹೋಯಿತು, ಎಷ್ಟೋ ಆಫೀಸುಗಳಲ್ಲಿ ಅದೇ ದೊಡ್ಡ ತಲೆನೋವಾಗಿತ್ತು.

ತಮ್ಮ: ಅದಕ್ಕೇ ಎರಡು ಇಮೇಜ್ ಮಾಡಿದೆ. ಒಂದರಲ್ಲಿ 2.16, ಹಳೆಯ ನಾಲ್ಕಕ್ಕೆ. ಇನ್ನೊಂದರಲ್ಲಿ ಹೊಸದು, ಉಳಿದವಕ್ಕೆ.

ಅಕ್ಕ: ಅಲ್ಲಿಗೆ ನೀನು ಮಾಡಿದ್ದು ಸರಿ. ನೀನೊಬ್ಬನೇ, ಒಂದೇ ಲಿನಕ್ಸ್ ಯಂತ್ರ ಅಂದಿದ್ದರೆ ಪೈಥಾನಿನ ವರ್ಚುವಲ್ ಎನ್ವಿರಾನ್ಮೆಂಟ್ ಎರಡು ಮಾಡಿಕೋ, ಸಾಕು ಅನ್ನುತ್ತಿದ್ದೆ. ಹಾಗೆ ಎಷ್ಟೋ ಜನರಿಗೆ ಹೇಳಿ ಕಂಟೇನರ್ ಬಿಡಿಸಿದ್ದೇನೆ. ಆದರೆ ನಿನ್ನ ಜೊತೆಗಿರುವ ಇಬ್ಬರದು ವಿಂಡೋಸ್ ಲ್ಯಾಪ್‌ಟಾಪ್ ಅಲ್ಲವಾ? ಆನ್ಸಿಬಲ್ ಓಡಿಸುವ ಕಡೆ ವಿಂಡೋಸ್ ನೇರವಾಗಿ ನಡೆಯುವುದಿಲ್ಲ, ಡಬ್ಲ್ಯೂಎಸ್‌ಎಲ್ ಬೇಕು ಇಲ್ಲವೇ ಕಂಟೇನರ್ ಬೇಕು. ಜೊತೆಗೆ ಪೈಥಾನ್ ಒಂದೇ ಸಾಲದು, ಎಸ್‌ಎಸ್‌ಎಚ್ ಕ್ಲೈಂಟ್ ಬೇಕು, ಲೈಬ್ರರಿಗಳು ಬೇಕು, 2020ರಲ್ಲಿ ಕಲೆಕ್ಷನ್‌ಗಳು ಬೇರೆಯಾದ ಮೇಲೆ ಅವುಗಳ ಆವೃತ್ತಿಯೂ ಹೊಂದಬೇಕು. ಪೆನ್‌ಡ್ರೈವಿನಲ್ಲಿ ಪ್ಲೇಬುಕ್ ಕೊಟ್ಟವರು ಕೊಡಲು ಮರೆತದ್ದು ಇವನ್ನೇ. ಕೆಟ್ಟ ಮನಸ್ಸಿನಿಂದಲ್ಲ, ಅವರ ಲ್ಯಾಪ್‌ಟಾಪಿನಲ್ಲಿ ಏನೇನಿತ್ತು ಅಂತ ಅವರಿಗೇ ಗೊತ್ತಿರಲಿಲ್ಲ. ಇಮೇಜ್ ಕಟ್ಟುವ ಫೈಲಿನಲ್ಲಿ ಅದೆಲ್ಲ ಒಂದೊಂದು ಸಾಲಾಗಿ ಬರೆದು ಕೂತಿರುತ್ತದೆ. ನಾಳೆ ನೀನು ಬಿಟ್ಟು ಹೋದರೂ ಬಂದವರು ಓದಬಹುದು. ನನಗೆ ಕಂಟೇನರ್ ಮೇಲೆ ಪ್ರೀತಿ ಇರುವುದು ಇದೊಂದಕ್ಕೇ.

ತಮ್ಮ: ಆವೃತ್ತಿಯ ಜಾಗದಲ್ಲಿ ಲೇಟೆಸ್ಟ್ ಅಂತ ಹಾಕಿದ್ದೇನೆ, ಹೊಸ ಇಮೇಜಿಗೆ.

ಅಕ್ಕ: ತೆಗೆ. ಸಂಖ್ಯೆ ಬರೆ. ಲೇಟೆಸ್ಟ್ ಅಂತ ಬರೆದರೆ ಇವತ್ತು ಕಟ್ಟಿದ್ದು ಒಂದು, ಆರು ತಿಂಗಳು ಬಿಟ್ಟು ಕಟ್ಟಿದ್ದು ಇನ್ನೊಂದು. ಮತ್ತೆ ಆ ಹಳೆಯ ಲ್ಯಾಪ್‌ಟಾಪಿನ ಕಥೆಯೇ ಆಗುತ್ತದೆ.

ತಮ್ಮ: ನನಗೆ ಈಗಲೂ ಒಂದು ಹಿಡಿತಕ್ಕೆ ಬಂದಿಲ್ಲ. ಕಂಟೇನರ್ ಅಂದರೆ ಒಳಗೊಂದು ಚಿಕ್ಕ ಕಂಪ್ಯೂಟರ್ ಇದ್ದ ಹಾಗೆ ಅಲ್ಲವಾ?

ಅಕ್ಕ: ಅಲ್ಲ. ಆ ಚಿತ್ರವೇ ದಾರಿ ತಪ್ಪಿಸುವುದು. ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆಗೆದು, ಪ್ಲೇಬುಕ್ ಓಡುತ್ತಿರುವಾಗ ಪಿಎಸ್ ಕೊಟ್ಟು ನೋಡು. ಉಳಿದ ಪ್ರೋಗ್ರಾಮ್‌ಗಳ ಸಾಲಿನಲ್ಲೇ ಅದೂ ಕಾಣುತ್ತದೆ. ಅದೇ ಕರ್ನಲ್, ಅದೇ ಯಂತ್ರ. ನೋಟ ಮಾತ್ರ ಬೇರೆ. 1979ರಲ್ಲಿ ಯುನಿಕ್ಸಿನ ಏಳನೇ ಆವೃತ್ತಿಗೆ ಬಂದ ಸಿಎಚ್‌ರೂಟ್ ಮಾಡುತ್ತಿದ್ದುದೂ ಅಷ್ಟೇ, ನಿನ್ನ ಲೋಕದ ಬೇರು ಈ ಫೋಲ್ಡರಿನಿಂದ ಶುರು ಅಂತ ಪ್ರೋಗ್ರಾಮಿಗೆ ನಂಬಿಸುವುದು. ಲಿನಕ್ಸಿನಲ್ಲಿ 2002ರಿಂದ ನೇಮ್‌ಸ್ಪೇಸ್‌ಗಳು ಒಂದೊಂದಾಗಿ ಬಂದವು. ಮೊದಲು ಫೈಲುಗಳ ನೋಟ, ಆಮೇಲೆ ಪ್ರೋಸೆಸ್ ಸಂಖ್ಯೆ, ನೆಟ್‌ವರ್ಕ್, 2013ರಲ್ಲಿ 3.8 ಕರ್ನಲ್ ಹೊತ್ತಿಗೆ ಬಳಕೆದಾರರ ನೋಟವೂ ಪೂರ್ತಿಯಾಯಿತು. ಅದೇ ವರ್ಷ ಮಾರ್ಚಿನಲ್ಲಿ ಸಾಂತಾ ಕ್ಲಾರಾದ ಪೈಕಾನ್‌ನಲ್ಲಿ ಸಾಲೊಮನ್ ಹೈಕ್ಸ್ ಐದು ನಿಮಿಷ ಮಾತಾಡಿ ಡಾಕರ್ ತೋರಿಸಿದರು. ಅದಕ್ಕೆ ಒಂದು ವರ್ಷ ಮುಂಚೆ, 2012ರಲ್ಲಿ, ಮೈಕೆಲ್ ಡಿಹಾನ್ ಆನ್ಸಿಬಲ್ ಬಿಟ್ಟಿದ್ದರು. ಎರಡೂ ಒಂದೇ ಕಾಲದ ಮಕ್ಕಳು. ಆದರೆ ಸ್ವಭಾವ ಬೇರೆ. ಆನ್ಸಿಬಲ್ ಅನ್ನುವ ಮಾತನ್ನು ಕಟ್ಟಿದ್ದು ಕಥೆಗಾರ್ತಿ ಉರ್ಸುಲಾ ಲೆ ಗ್ವಿನ್, 1966ರ ಕಾದಂಬರಿಯಲ್ಲಿ, ನಕ್ಷತ್ರಗಳಾಚೆಗೂ ಆ ಕ್ಷಣವೇ ಮಾತು ಮುಟ್ಟಿಸುವ ಯಂತ್ರಕ್ಕೆ. ಹೊರಗಿನವರನ್ನು ಮುಟ್ಟುವುದೇ ಇದರ ಹುಟ್ಟುಗುಣ, ಹೊರಗನ್ನು ಮರೆಮಾಡುವುದು ಕಂಟೇನರಿನ ಹುಟ್ಟುಗುಣ. ಒಂದನ್ನು ಇನ್ನೊಂದರೊಳಗೆ ಕೂರಿಸುವಾಗ ಯಾವ ಬಾಗಿಲು ತೆಗೆಯಬೇಕು, ಯಾವುದು ಬೇಡ ಅಂತ ಒಂದೊಂದನ್ನೂ ಯೋಚಿಸಬೇಕಾಗುತ್ತದೆ.

ತಮ್ಮ: ಬ್ಯಾಕಪ್ಪಿಗೆ ಒಂದು ಬಾಗಿಲು, ಸರಿ. ಹೊರಗಿನ ಫೋಲ್ಡರ್ ಒಳಗೆ ಮೌಂಟ್ ಮಾಡುತ್ತೇನೆ. ಪ್ಲೇಬುಕ್‌ಗಳನ್ನೂ ಇಮೇಜಿನಿಂದ ತೆಗೆದು ಹೊರಗಿಟ್ಟು, ಅವನ್ನು ಓದುವುದಕ್ಕೆ ಮಾತ್ರ ಅಂತ ಮೌಂಟ್ ಮಾಡಲೇ?

ಅಕ್ಕ: ಮಾಡು. ಇಮೇಜಿನಲ್ಲಿ ಸಾಧನ, ಹೊರಗೆ ನಿನ್ನ ಬರಹ. ಈಗ ಇನ್ನೊಂದು ಕೇಳುತ್ತೇನೆ. ಎಸ್‌ಎಸ್‌ಎಚ್ ಕೀ ಎಲ್ಲಿದೆ?

ತಮ್ಮ: ಅದೂ ಒಳಗೇ ಹಾಕಿದ್ದೆ. ಆದರೆ ಆಮೇಲೆ ಭಯ ಆಗಿ, ಮುಂದಿನ ಸಾಲಿನಲ್ಲಿ ಡಿಲೀಟ್ ಮಾಡಿದ್ದೇನೆ.

ಅಕ್ಕ: ಇಮೇಜನ್ನು ರಿಜಿಸ್ಟ್ರಿಗೆ ಏರಿಸಿದ್ದೀಯಾ?

ತಮ್ಮ: ಹೂಂ. ಜೊತೆಯವರು ಎಳೆದುಕೊಳ್ಳಲಿ ಅಂತ.

ಅಕ್ಕ: ಕೇಳು ಇಲ್ಲಿ. ಈ ಫೋನ್ ಇಟ್ಟ ಮೇಲೆ ನೀನು ಮಾಡುವ ಮೊದಲ ಕೆಲಸ ಹೊಸ ಕೀ ಜೋಡಿ ಮಾಡಿ, ಹಳೆಯದನ್ನು 9 ಸರ್ವರ್‌ಗಳಿಂದಲೂ 14 ಸ್ವಿಚ್‌ಗಳಿಂದಲೂ ತೆಗೆಯುವುದು. ಇಮೇಜ್ ಅನ್ನುವುದು ಪದರ ಪದರವಾಗಿ ಕಟ್ಟಿದ್ದು. ಕಾಪಿ ಮಾಡಿದ ಸಾಲು ಒಂದು ಪದರ. ಡಿಲೀಟ್ ಮಾಡಿದ ಸಾಲು ಅದರ ಮೇಲೆ ಇನ್ನೊಂದು ಪದರ, ಕೆಳಗಿನದು ಕಾಣದ ಹಾಗೆ ಮುಚ್ಚುತ್ತದೆ ಅಷ್ಟೇ. ಇಮೇಜ್ ಎಳೆದುಕೊಂಡವರಿಗೆ ಎಲ್ಲ ಪದರಗಳೂ ಹೋಗುತ್ತವೆ. ಬಿಡಿಸಿ ನೋಡುವುದಕ್ಕೆ ಐದು ನಿಮಿಷ ಸಾಕು. ಬೇರೆ ಯಾವ ಪ್ರೋಗ್ರಾಮಿನ ಇಮೇಜ್ ಆಗಿದ್ದರೂ ಇಷ್ಟು ಹೆದರುತ್ತಿರಲಿಲ್ಲ. ಇದು ಇಡೀ ಕಾಲೇಜಿನ ಯಂತ್ರಗಳನ್ನು ತೆರೆಯುವ ಸಾಧನದ ಇಮೇಜ್.

ತಮ್ಮ: ತಪ್ಪಾಯಿತು ಅಕ್ಕ. ಈಗಲೇ ಮಾಡುತ್ತೇನೆ. ಹೊಸ ಕೀಯನ್ನು ಹೇಗೆ ಕೊಡಲಿ?

ಅಕ್ಕ: ನೀನು ಕೂತು ಓಡಿಸುವಾಗ ಕೀ ಫೈಲನ್ನೇ ಕೊಡಬೇಡ. ಹೊರಗೆ ಎಸ್‌ಎಸ್‌ಎಚ್ ಏಜೆಂಟ್ ಓಡುತ್ತಿರುತ್ತದಲ್ಲ, ಅದರ ಸಾಕೆಟ್ ಮಾತ್ರ ಒಳಗೆ ಮೌಂಟ್ ಮಾಡು. ಒಳಗಿನವರು ಸಹಿ ಬೇಕು ಅಂತ ಕೇಳಬಹುದು, ಕೀಯನ್ನು ಮುಟ್ಟಲಾಗದು. ರಾತ್ರಿ 2 ಗಂಟೆಯದಕ್ಕೆ ಯಾರೂ ಕೂತಿರುವುದಿಲ್ಲವಾದ್ದರಿಂದ ಅದಕ್ಕೊಂದು ಪ್ರತ್ಯೇಕ ಕೀ ಮಾಡಿ, ಸ್ವಿಚ್‌ಗಳಲ್ಲಿ ಕಾನ್ಫಿಗರೇಶನ್ ಓದುವಷ್ಟೇ ಅಧಿಕಾರದ ಖಾತೆಗೆ ಕಟ್ಟಿ, ಓಡುವ ಹೊತ್ತಿಗೆ ಮಾತ್ರ ಮೌಂಟ್ ಮಾಡು.

ತಮ್ಮ: ಮೌಂಟ್ ವಿಷಯದಲ್ಲಿ ಒಮ್ಮೆ ಸೋತಿದ್ದೆ. ಮೊದಲೆಲ್ಲ ಕಂಟೇನರ್ ರೂಟ್ ಆಗಿ ಓಡುತ್ತಿತ್ತು, ಹೊರಗೆ ಮೌಂಟ್ ಮಾಡಿದ ಲಾಗ್ ಫೈಲುಗಳೆಲ್ಲ ರೂಟ್ ಹೆಸರಿಗೆ ಆಗಿ, ನನಗೇ ಅಳಿಸಲು ಬಿಡುತ್ತಿರಲಿಲ್ಲ. ಅದಕ್ಕೆ ಯೂಸರ್ 1000 ಅಂತ ಕೊಟ್ಟು ಓಡಿಸಿದೆ. ಆಗ ಸರ್ವರ್‌ಗಳ ಪ್ಲೇಬುಕ್ ನಿಂತೇಹೋಯಿತು. 1000 ಸಂಖ್ಯೆಯ ಬಳಕೆದಾರ ಇಲ್ಲ ಅಂತ ಎಸ್‌ಎಸ್‌ಎಚ್ ಹೇಳಿತು. ನಾನು ಇಲ್ಲೇ ಇದ್ದೇನಲ್ಲ!

ಅಕ್ಕ: ‘ನಾನು’ ಅನ್ನುವುದು ಇಲ್ಲಿ ಬಂತು ನೋಡು. ಕರ್ನಲ್‌ಗೆ ನೀನು ಬರೀ ಒಂದು ಸಂಖ್ಯೆ. ಆ ಸಂಖ್ಯೆಗೆ ಹೆಸರು, ಮನೆ ಫೋಲ್ಡರ್ ಎಲ್ಲ ಇರುವುದು ಪಾಸ್‌ಡಬ್ಲ್ಯೂಡಿ ಅನ್ನುವ ಒಂದು ಚಿಕ್ಕ ಫೈಲಿನಲ್ಲಿ. ಹೊರಗಿನ ಫೈಲಿನಲ್ಲಿ 1000 ಅಂದರೆ ನೀನು. ಒಳಗಿನ ಫೈಲಿನಲ್ಲಿ ಆ ಸಾಲೇ ಇಲ್ಲ. ಎಷ್ಟೋ ಪ್ರೋಗ್ರಾಮ್‌ಗಳು ಹೆಸರಿಲ್ಲದಿದ್ದರೂ ನಡೆಸಿಕೊಂಡು ಹೋಗುತ್ತವೆ. ಎಸ್‌ಎಸ್‌ಎಚ್ ಒಪ್ಪುವುದಿಲ್ಲ, ತನ್ನನ್ನು ಓಡಿಸುತ್ತಿರುವವರು ಯಾರು ಅಂತ ಮೊದಲೇ ಹುಡುಕುತ್ತದೆ, ಸಿಗದಿದ್ದರೆ ನಿಂತುಬಿಡುತ್ತದೆ. ಇಮೇಜ್ ಕಟ್ಟುವಾಗಲೇ 1000 ಸಂಖ್ಯೆಗೆ ಒಬ್ಬ ಬಳಕೆದಾರನನ್ನು ಸೃಷ್ಟಿಸಿ, ಮನೆ ಫೋಲ್ಡರ್ ಕೊಟ್ಟುಬಿಡು. ಫೈಲುಗಳೂ ನಿನ್ನ ಹೆಸರಿಗೇ ಬರುತ್ತವೆ.

ತಮ್ಮ: ಮತ್ತೆ ರೂಟ್ ಅಂತ ಓಡಿದ್ದು ಒಳಗಿನ ರೂಟ್ ಅಲ್ಲವಾ? ಹೊರಗೂ ಯಾಕೆ ರೂಟ್ ಆಯಿತು?

ಅಕ್ಕ: ಬಳಕೆದಾರರ ನೇಮ್‌ಸ್ಪೇಸ್ ಇದೆ ಅಂದೆನಲ್ಲ, ಡಾಕರ್ ಅದನ್ನು ತಾನಾಗಿ ಹಾಕಿಕೊಳ್ಳುವುದಿಲ್ಲ. ಒಳಗಿನ ಸೊನ್ನೆ ಹೊರಗೂ ಸೊನ್ನೆಯೇ. ಪಾಡ್‌ಮನ್ ಅನ್ನು ಸಾಮಾನ್ಯ ಬಳಕೆದಾರರಾಗಿ ಓಡಿಸಿದರೆ ಒಳಗಿನ ರೂಟ್ ಹೊರಗೆ ನೀನೇ ಆಗಿರುತ್ತೀಯ. ಹೊಸದಾಗಿ ಶುರು ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ತಮ್ಮ: ಜೊತೆಯವರ ವಿಂಡೋಸ್‌ನಲ್ಲಿ ಇನ್ನೊಂದು ವಿಚಿತ್ರ. ನನ್ನ ಸೆಟ್ಟಿಂಗ್ ಫೈಲನ್ನು ಆನ್ಸಿಬಲ್ ಓದುವುದೇ ಇಲ್ಲ. ವಾಲ್ಟ್ ಪಾಸ್‌ವರ್ಡ್ ಫೈಲ್ ಕೊಟ್ಟರೆ ಅದನ್ನು ಪ್ರೋಗ್ರಾಮ್ ಅಂತ ಓಡಿಸಲು ಹೋಗಿ ಬೀಳುತ್ತದೆ.

ಅಕ್ಕ: ಎರಡಕ್ಕೂ ಬೇರು ಒಂದೇ. ವಿಂಡೋಸ್ ಡ್ರೈವಿನಿಂದ ಮೌಂಟ್ ಮಾಡಿದಾಗ ಫೈಲುಗಳ ಪರ್ಮಿಷನ್ 777 ಆಗಿ ಕಾಣುತ್ತದೆ. ಎಲ್ಲರೂ ಬರೆಯಬಹುದಾದ ಫೋಲ್ಡರಿನಲ್ಲಿರುವ ಸೆಟ್ಟಿಂಗನ್ನು ಆನ್ಸಿಬಲ್ ನಂಬುವುದಿಲ್ಲ, ಎಚ್ಚರಿಕೆಯ ಒಂದು ಸಾಲು ಬರೆದು ಬಿಟ್ಟುಬಿಡುತ್ತದೆ. ಓಡಿಸಬಹುದು ಅನ್ನುವ ಗುರುತು ಇರುವ ವಾಲ್ಟ್ ಫೈಲನ್ನು ಸ್ಕ್ರಿಪ್ಟ್ ಅಂದುಕೊಳ್ಳುತ್ತದೆ. ಡಬ್ಲ್ಯೂಎಸ್‌ಎಲ್‌ನ ಲಿನಕ್ಸ್ ಕಡೆಯ ಮನೆ ಫೋಲ್ಡರಿನಲ್ಲಿ ಇಟ್ಟು ಅಲ್ಲಿಂದ ಮೌಂಟ್ ಮಾಡಲು ಹೇಳು.

ತಮ್ಮ: ಬರೆದುಕೊಂಡೆ. ‘ಈಗ’ ಅನ್ನುವುದು ಉಳಿಯಿತು.

ಅಕ್ಕ: ಅದು ನಿನಗೆ ಗೊತ್ತಾಗಬೇಕಿತ್ತು. ಲಾಗ್ ಫೋಲ್ಡರಿನ ಹೆಸರಿನಲ್ಲಿರುವ ದಿನಾಂಕ ನೋಡು.

ತಮ್ಮ: ಒಂದು ದಿನ ಹಿಂದಿದೆ! 15ರ ಬೆಳಗಿನ ಜಾವ ಓಡಿದ್ದಕ್ಕೆ 14 ಅಂತಿದೆ.

ಅಕ್ಕ: ಕ್ರಾನ್ ಇರುವುದು ಹೊರಗೆ, ನಮ್ಮ ಸಮಯ. ಕಂಟೇನರಿನೊಳಗೆ ಯುಟಿಸಿ. ನಮಗೆ ರಾತ್ರಿ 2 ಗಂಟೆ ಅಂದರೆ ಅದಕ್ಕೆ ಹಿಂದಿನ ದಿನದ ರಾತ್ರಿ 8:30. ಏಷ್ಯಾ ಕೋಲ್ಕತ್ತಾ ಅಂತ ಟಿಝಡ್ ವೇರಿಯೇಬಲ್ ಕೊಡು, ಜೊತೆಗೆ ಟಿಝಡ್‌ಡೇಟಾ ಪ್ಯಾಕೇಜ್ ಇಮೇಜಿನಲ್ಲಿದೆಯಾ ನೋಡು. ಅನೇಕ ಚಿಕ್ಕ ಇಮೇಜ್‌ಗಳಲ್ಲಿ ಅದಿರುವುದಿಲ್ಲ. ಇಲ್ಲದಿದ್ದರೆ ದೂರೂ ಹೇಳದೆ ಯುಟಿಸಿಯಲ್ಲೇ ಮುಂದುವರಿಯುತ್ತದೆ.

ತಮ್ಮ: ಒಂದು ಮಾತು. ಒಬ್ಬರು ಡಾಕರ್ ಸಾಕೆಟ್ಟನ್ನೇ ಒಳಗೆ ಮೌಂಟ್ ಮಾಡಿಬಿಡು, ಪ್ಲೇಬುಕ್‌ನಿಂದಲೇ ಬೇರೆ ಕಂಟೇನರ್‌ಗಳನ್ನೂ ನಡೆಸಬಹುದು ಅಂದರು.

ಅಕ್ಕ: ಆ ಸಾಕೆಟ್ ಕೈಯಲ್ಲಿದ್ದರೆ ಹೊರಗಿನ ಇಡೀ ಡಿಸ್ಕನ್ನು ಮೌಂಟ್ ಮಾಡಿಕೊಂಡ ಹೊಸ ಕಂಟೇನರ್ ಒಂದನ್ನು ಹುಟ್ಟಿಸಬಹುದು. ಅಂದರೆ ಹೊರಗಿನ ರೂಟ್ ಅಧಿಕಾರವನ್ನೇ ಕೊಟ್ಟ ಹಾಗೆ. ನಿನ್ನ ಕೆಲಸಕ್ಕೆ ಅದು ಬೇಕಾಗಿಲ್ಲ. ಬೇಡ.

ತಮ್ಮ: ಹೋಸ್ಟ್ ಕೀ ಪರಿಶೀಲನೆಯನ್ನೂ ಆಫ್ ಮಾಡಿದ್ದೇನೆ. ಕಂಟೇನರ್ ಪ್ರತಿ ಸಲ ಹೊಸದು, ಪ್ರತಿ ಸಲವೂ ಈ ಯಂತ್ರ ಗೊತ್ತಿಲ್ಲ, ನಂಬಲೇ ಅಂತ ಕೇಳಿ ನಿಲ್ಲುತ್ತಿತ್ತು.

ಅಕ್ಕ: ಕಂಟೇನರಿಗೆ ನೆನಪಿಲ್ಲ, ಆದ್ದರಿಂದ ಅದು ಕೇಳುತ್ತದೆ. ನೆನಪು ಕೊಡು, ಬಾಯಿ ಮುಚ್ಚಿಸಬೇಡ. 23 ಯಂತ್ರಗಳ ಹೋಸ್ಟ್ ಕೀಗಳನ್ನು ಒಂದು ನೋನ್‌ಹೋಸ್ಟ್ಸ್ ಫೈಲಿನಲ್ಲಿ ಸೇರಿಸಿ, ಪ್ಲೇಬುಕ್ ಜೊತೆಗೆ ಗಿಟ್‌ನಲ್ಲಿ ಇಟ್ಟು, ಓದಲು ಮಾತ್ರ ಅಂತ ಮೌಂಟ್ ಮಾಡು. ಸ್ವಿಚ್ ಅಂತ ಹೇಳಿಕೊಂಡು ಬೇರೆ ಯಾವುದೋ ಯಂತ್ರ ಉತ್ತರ ಕೊಟ್ಟರೆ ಆಗ ಅದು ನಿಲ್ಲಬೇಕು.

ತಮ್ಮ: ಇಷ್ಟನ್ನೂ ನಾನೇ ಜೋಡಿಸಬೇಕಾ? ಸಿದ್ಧ ದಾರಿ ಇಲ್ಲವಾ?

ಅಕ್ಕ: ಇದೆ. ಆನ್ಸಿಬಲ್‌ನವರೇ ಎಕ್ಸಿಕ್ಯೂಶನ್ ಎನ್ವಿರಾನ್ಮೆಂಟ್ ಅಂತ ಕರೆಯುವುದು ಇದನ್ನೇ. ಆನ್ಸಿಬಲ್ ಬಿಲ್ಡರ್ ಇಮೇಜ್ ಕಟ್ಟಿಕೊಡುತ್ತದೆ, ನ್ಯಾವಿಗೇಟರ್ ಅದರೊಳಗೆ ಪ್ಲೇಬುಕ್ ಓಡಿಸುತ್ತದೆ, ಫೋಲ್ಡರ್ ಮೌಂಟ್ ಮಾಡುವುದನ್ನೂ ನೋಡಿಕೊಳ್ಳುತ್ತದೆ. ಮುಂದಿನ ತಿಂಗಳು ಅದಕ್ಕೆ ಹೋಗು. ಈ ವಾರ ಕೈಯಿಂದಲೇ ಕಟ್ಟು. ಯಾವ ಬಾಗಿಲು ಎಲ್ಲಿದೆ ಅಂತ ಒಮ್ಮೆ ನಿನ್ನ ಕೈಗೆ ತಿಳಿದಿರಲಿ.

ತಮ್ಮ: ಸರಿ. ಬ್ಯಾಕಪ್ ಆಯಿತೋ ಇಲ್ಲವೋ ಅಂತ ಪ್ಲೇಬುಕ್ಕಿನ ಕೊನೆಗೆ ಒಂದು ಪರೀಕ್ಷೆ ಸೇರಿಸುತ್ತೇನೆ. ಫೈಲ್ ಇಲ್ಲದಿದ್ದರೆ ಫೇಲ್ ಆಗಲಿ.

ಅಕ್ಕ: ಪ್ಲೇಬುಕ್ಕಿನಲ್ಲಿ ಬರೆದರೆ ಅದು ನೋಡುವುದು ಒಳಗೇ. ಆ 40 ರಾತ್ರಿಯೂ ಆ ಪರೀಕ್ಷೆ ಪಾಸಾಗುತ್ತಿತ್ತು. ಹೊರಗಿನ ಕ್ರಾನ್ ಸ್ಕ್ರಿಪ್ಟಿನಲ್ಲಿ, ಡಾಕರ್ ರನ್ ಮುಗಿದ ಮೇಲಿನ ಸಾಲಿನಲ್ಲಿ ಬರೆ. ಕಂಟೇನರ್ ಸತ್ತ ಮೇಲೆ, ಹೊರಗಿನ ಫೋಲ್ಡರಿನಲ್ಲಿ, ಇವತ್ತಿನ ದಿನಾಂಕದ 14 ಫೈಲ್ ಇದೆಯಾ, ಯಾವುದಾದರೂ ಸೊನ್ನೆ ಗಾತ್ರದ್ದಾ ಅಂತ ಎಣಿಸಲಿ. ಇಲ್ಲದಿದ್ದರೆ ನಿನಗೆ ಮೇಲ್ ಬರಲಿ. ಈಗ ಕೀ ಬದಲಾಯಿಸು, ಒಂದು ಸಲ ಓಡಿಸು. ನಾನು ಕಾಯುತ್ತೇನೆ.

ತಮ್ಮ: ಒಂದು ಗಂಟೆ ಕೊಡು.

ತಮ್ಮ (ಒಂದು ಗಂಟೆಯ ನಂತರ): ಅಕ್ಕ, ಓಡಿಸಿದೆ. ಹಳೆಯ ಕೀ ಎಲ್ಲ ಕಡೆಯಿಂದ ತೆಗೆದಾಯಿತು, ರಿಜಿಸ್ಟ್ರಿಯ ಇಮೇಜೂ ಅಳಿಸಿದೆ. ಫೋಲ್ಡರಿನಲ್ಲಿ ಇವತ್ತಿನ ದಿನಾಂಕವೇ ಇದೆ, ಫೈಲುಗಳು ನನ್ನ ಹೆಸರಿಗಿವೆ. ಆದರೆ 13 ಇವೆ. ಒಂದು ಕೆಂಪು ಬಂದಿದೆ.

ಅಕ್ಕ: ಯಾವುದು?

ತಮ್ಮ: ಲೈಬ್ರರಿಯದು. ಹೋಸ್ಟ್ ಕೀ ಹೊಂದುತ್ತಿಲ್ಲ ಅನ್ನುತ್ತಿದೆ. ನನ್ನ ಲ್ಯಾಪ್‌ಟಾಪಿನ ನೋನ್‌ಹೋಸ್ಟ್ಸ್ ಫೈಲನ್ನೇ ತಂದು ಹಾಕಿದ್ದೆ. ಓ, ಅದರಲ್ಲಿರುವುದು ಸುಟ್ಟುಹೋದ ಸ್ವಿಚ್‌ನ ಕೀ. ಇರು, ನೆಟ್‌ವರ್ಕಿನಿಂದ ಹೊಸ ಕೀ ಎಳೆದು ಸೇರಿಸಿಬಿಡುತ್ತೇನೆ.

ಅಕ್ಕ: ನೆಟ್‌ವರ್ಕಿನಲ್ಲಿ ಉತ್ತರ ಕೊಡುತ್ತಿರುವುದು ನಿನ್ನ ಸ್ವಿಚ್ಚೇ ಅಂತ ಯಾರು ಹೇಳಿದರು? ಅದನ್ನೇ ಅಲ್ಲವಾ ಅದು ಕೇಳುತ್ತಿರುವುದು. ಕನ್ಸೋಲ್ ಕೇಬಲ್ ತಗೊಂಡು ಲೈಬ್ರರಿಗೆ ಹೋಗು. ಸ್ವಿಚ್‌ಗೇ ಚುಚ್ಚಿ ಅದರ ಫಿಂಗರ್‌ಪ್ರಿಂಟ್ ಓದಿ ಬರೆದುಕೊಂಡು ಬಾ, ಆಮೇಲೆ ಹೋಲಿಸಿ ಸೇರಿಸು.

ತಮ್ಮ: ಲೈಬ್ರರಿ 8 ಗಂಟೆಯವರೆಗೆ ತೆಗೆದಿರುತ್ತದೆ. ಕೇಬಲ್ ಬ್ಯಾಗಿನಲ್ಲೇ ಇದೆ. ಹೊರಟೆ.